ಹೆಗಡೆಯವರ ಕಾಲಿನ ಹುಲಿ

ಕಮಲಾಕರ ಹೆಗಡೆಯ ಎಡಗಾಲಿನ ಮೀನಖಂಡದ ಮೇಲೆ ನಾಲ್ಕು ಉದ್ದನೆಯ ಗೀರುಗಳಿದ್ದವು. ಪಂಚೆ ಇಳಿಬಿಟ್ಟುಕೊಂಡಿದ್ದರೆ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಈ ಕತೆಯೂ ಹುಟ್ಟುತ್ತಿರಲಿಲ್ಲ. ಆದರೆ ಹುಬ್ಬಳ್ಳಿಯ ಹತ್ತಿ ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ಬೇಸಗೆಯಲ್ಲೇ ಅವನು ಸೆಕೆ ತಾಳಲಾರದೆ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ. ಪಕ್ಕದ ಮೇಜಿನ ಕ್ಯಾಶಿಯರ್ ಶಂಕ್ರಪ್ಪ, ಕೆಳಗೆ ಬಿದ್ದ ಪೆನ್ನಿನ ಟಾಕು ಎತ್ತಿಕೊಳ್ಳಲು ಬಗ್ಗಿದವನು, ಬಗ್ಗಿದಲ್ಲೇ ಉಳಿದ.

"ಏನ್ರೀ ಹೆಗಡೇರ ಇದು? ಯಾವುದೋ ಪ್ರಾಣಿ ಪರಚಿದಂಗ ಐತಲ್ಲ!"

ನಿಜ ಸಂಗತಿ ಬಹಳ ಸಣ್ಣದು. ಎಂಟನೆಯ ವಯಸ್ಸಿನಲ್ಲಿ ಅಡುಗೆಮನೆಯಿಂದ ಬೆಲ್ಲ ಕದ್ದು ಓಡುವಾಗ ಕಾಲು ಜಾರಿ ಕಾಯಿ ತುರಿಯುವ ಹೆರೆಮಣೆಯ ಮೇಲೆ ಬಿದ್ದಿದ್ದ. ಅದರ ಹಲ್ಲುಗಳು ಮಾಡಿದ ಗುರುತು ಅದು. 'ಹೆರೆಮಣೆ' ಎನ್ನಲೆಂದೇ ಕಮಲಾಕರ ಬಾಯಿ ತೆರೆದ. ಆದರೆ ಆಫೀಸಿಗೆ ಸೇರಿ ಎರಡು ತಿಂಗಳಾದರೂ ಒಬ್ಬರೂ ಅವನನ್ನು ಹೆಸರು ಹಿಡಿದು ಮಾತಾಡಿಸಿರಲಿಲ್ಲ. ಈಗ ನಾಲ್ಕು ಮೇಜಿನವರು ಕೆಲಸ ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದರು. ಬಾಯಿಂದ ಹೊರಬಂದದ್ದು ಬೇರೆ ಮಾತು.

"ಹುಲಿ," ಎಂದ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ಮಾತ್ರ ಇತ್ತು, ಅದೂ ಕಮಲಾಕರನದೇ ಎಡಗಾಲು. ಕಾಲಿನ ಜೊತೆಗೆ ಒಂದು ಕತೆಯೂ ಬೇಕಾಯಿತು. ಅದಕ್ಕೂ ಅವನು ಹುಡುಕಾಡಬೇಕಾಗಲಿಲ್ಲ. ಅವನ ಊರು ಯಲ್ಲಾಪುರದ ಹತ್ತಿರದ ಉಮ್ಮಚಗಿ. ಅಲ್ಲಿ ಅವರ ಮನೆಯ ದನ ಕಾಯುತ್ತಿದ್ದ ಬೀರನನ್ನು ನಿಜಕ್ಕೂ ಹುಲಿ ಹಿಡಿದು ಬಿಟ್ಟಿತ್ತು. ಕೆಂಪಿ ಎಂಬ ಕರುವನ್ನು ಹುಲಿ ಎಳೆದಾಗ ಬೀರ ಕರುವಿನ ಬಾಲ ಹಿಡಿದು ಹಿಂದಕ್ಕೆ ಎಳೆದಿದ್ದ. ಹುಲಿ ಅವನಿಗೊಂದು ಏಟು ಕೊಟ್ಟು, ಯಾಕೋ ಬೇಸರ ಬಂದಂತೆ ಆಕಳಿಸಿ, ಕರುವನ್ನೂ ಬಿಟ್ಟು ಹೋಗಿತ್ತು. ಬೀರ ಇದನ್ನು ಹೇಳಿದ್ದು ಜೀವಮಾನದಲ್ಲಿ ಒಂದು ಸಲ, ಕಮಲಾಕರ ಒತ್ತಾಯ ಮಾಡಿದಾಗ. ಕಮಲಾಕರ ಅದೇ ಕತೆಯನ್ನು ಎಂಟು ವರ್ಷದಲ್ಲಿ ಎಷ್ಟು ಸಲ ಹೇಳಿದನೆಂಬುದಕ್ಕೆ ಲೆಕ್ಕವಿಲ್ಲ. ಕರುವಿನ ಹೆಸರನ್ನೂ ಬದಲಿಸಿರಲಿಲ್ಲ. ಬದಲಿಸಿದ್ದು ಬೀರನನ್ನು ಮಾತ್ರ.

ಆಫೀಸಿನಲ್ಲಿ ಅವನೀಗ 'ಹುಲಿ ಹೆಗಡೆ'. ಹೊರಗಿನ ವ್ಯಾಪಾರಿಗಳು ಬಂದರೆ ಮ್ಯಾನೇಜರ್ ಮಡಿವಾಳಪ್ಪನವರು ಅವನನ್ನು ಒಳಗೆ ಕರೆಸಿ, "ಹೆಗಡೇರ, ಸ್ವಲ್ಪ ಪಂಚೆ ಎತ್ತರಿ," ಎನ್ನುತ್ತಿದ್ದರು. ಬಂದವರು ಕಾಲು ನೋಡಿ ಕೈ ಮುಗಿಯುತ್ತಿದ್ದರು. ಈ ಮರ್ಯಾದೆಯೊಂದನ್ನು ಬಿಟ್ಟರೆ ಕಮಲಾಕರನಿಗೆ ಹುಬ್ಬಳ್ಳಿಯಲ್ಲಿ ತನ್ನದೆನ್ನುವುದು ಬೇರೇನೂ ಇರಲಿಲ್ಲ. ಅದು ಹೋದ ದಿನ ತಾನು ಆ ಆಫೀಸಿನ ಮೆಟ್ಟಿಲು ಹತ್ತಲಾರೆನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅರವತ್ತೆರಡರ ಜನವರಿಯಲ್ಲಿ ಒಂದು ದಿನ ಮಡಿವಾಳಪ್ಪನವರು ಹೇಳಿದರು: "ಹೆಗಡೇರ, ಈ ಐತವಾರ ಬಾಡಿಗಿ ವ್ಯಾನ್ ಮಾಡೇನಿ. ಮುಂಜಾನೆ ಹೊಂಟು ರಾತ್ರಿ ಊಟಕ್ಕ ವಾಪಸ್. ನಿಮ್ಮ ಅಡವಿ ತೋರಸ್ರಿ, ನಿಮ್ಮ ಹುಲಿ ತೋರಸ್ರಿ. ನಮ್ಮ ಮನಿಯವ್ರೂ ಬರ್ತಾರ."

ಕಮಲಾಕರ ಜ್ವರ ಬಂದಿದೆಯೆಂದ. ಗುಳಿಗೆ ಬಂತು. ಮನೆಯಲ್ಲಿ ಅಣ್ಣ ಇಲ್ಲ ಎಂದ. "ಅಣ್ಣಗ ನಾನ ಕಾಗದಾ ಬರದೇನಿ," ಎಂದ ಶಂಕ್ರಪ್ಪ. ಇಂಥ ಗೆಳೆಯರಿದ್ದರೆ ಶತ್ರುಗಳನ್ನು ಬೇರೆ ಹುಡುಕಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ವ್ಯಾನು ಹೊರಟಿತು. ಮುಂದೆ ಡ್ರೈವರನ ಪಕ್ಕ ಮಡಿವಾಳಪ್ಪನವರು, ಕೊರಳಲ್ಲಿ ದುರ್ಬೀನು. ಹಿಂದೆ ಅವರ ಹೆಂಡತಿ ಗುರುಶಾಂತವ್ವ, ಮಡಿಲಲ್ಲಿ ರೊಟ್ಟಿಯ ಬುಟ್ಟಿ. ಶಂಕ್ರಪ್ಪ ಮತ್ತು ಇನ್ನಿಬ್ಬರು ಗುಮಾಸ್ತರು ಕಿಟಕಿಗಳನ್ನು ಹಂಚಿಕೊಂಡಿದ್ದರು. ಕಮಲಾಕರನನ್ನು ನಡುವೆ ಕೂರಿಸಿದ್ದರು. "ಅವರು ನೋಡಿದವ್ರು, ಅವರಿಗ್ಯಾಕ ಕಿಟಕಿ?" ಎಂದು ಶಂಕ್ರಪ್ಪ ನ್ಯಾಯ ಹೇಳಿದ್ದ.

ಕಲಘಟಗಿ ದಾಟಿ ಕಿರವತ್ತಿಯ ಕಾಡು ಶುರುವಾಗುತ್ತಲೇ ಎಲ್ಲರಿಗೂ ಎಲ್ಲವೂ ಹುಲಿಯಾಗಿ ಕಾಣತೊಡಗಿತು. ಒಂದು ಹುತ್ತಕ್ಕಾಗಿ ವ್ಯಾನು ನಿಂತಿತು. ಒಂದು ಸುಟ್ಟ ಬೊಡ್ಡೆಗಾಗಿ ನಿಂತಿತು. ಮೂರನೆಯ ಸಲ ಮಡಿವಾಳಪ್ಪನವರು ದುರ್ಬೀನು ಹಿಡಿದು, "ಕಾಡುಕೋಣ! ಉಸಿರು ಬಿಡಬ್ಯಾಡ್ರಿ!" ಎಂದು ಪಿಸುಗುಟ್ಟಿದರು. ಎಲ್ಲರೂ ಇಳಿದು ಮುಳ್ಳುಪೊದೆಯಲ್ಲಿ ಮೊಣಕಾಲೂರಿದರು. ಹತ್ತು ನಿಮಿಷದ ಮೇಲೆ ಪೊದೆಯಾಚೆಯಿಂದ ಒಬ್ಬ ಮುದುಕಿ ಬಂದು ಕಾಡುಕೋಣದ ಬೆನ್ನಿಗೊಂದು ಕೊಟ್ಟು, "ನಡಿಯೇ ಮೂದೇವಿ, ಹಾಲು ಕರೆಯೋ ಹೊತ್ತು ಮೀರ್ತು," ಎಂದಳು. ಆಮೇಲೆ ಇವರ ಕಡೆ ತಿರುಗಿ, "ನಮ್ಮ ಎಮ್ಮೆ ಮಾರೂದಿಲ್ಲ," ಎಂದು ಸೇರಿಸಿದಳು.

ಮಡಿವಾಳಪ್ಪನವರು ಪಂಚೆಯ ಮುಳ್ಳು ಕೀಳುತ್ತ ಕಮಲಾಕರನ ಕಡೆ ನೋಡಿದ ನೋಟ ಅಷ್ಟೇನೂ ಚೆನ್ನಾಗಿರಲಿಲ್ಲ.

ಊರಿನ ಮನೆಗೆ ಹೋಗದೆ ಹಾಗೇ ಕಾಡು ಸುತ್ತಿಸಿ ವಾಪಸು ಕರೆದೊಯ್ಯಬೇಕೆಂಬುದು ಕಮಲಾಕರನ ಹಂಚಿಕೆ. ಶಂಕ್ರಪ್ಪ ಒಪ್ಪಲಿಲ್ಲ. "ಊರತನಕಾ ಬಂದು ನಿಮ್ಮ ವೈನಿಯವರ ಕೈಯಾಗಿನ ಚಹಾ ಕುಡೀದ ಹೋದ್ರ ಅವರೇನಂದಾರು?" ಹೀಗೆ ಹನ್ನೊಂದು ಗಂಟೆಗೆ ವ್ಯಾನು ಉಮ್ಮಚಗಿಯ ಮನೆಯೆದುರು ನಿಂತಿತು.

ಅಣ್ಣ ಸಿರ್ಸಿಗೆ ಹೋಗಿದ್ದ. ಅತ್ತಿಗೆ ಸೀತಮ್ಮ ಗಂಡಸರನ್ನು ಜಗಲಿಯ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಗುರುಶಾಂತವ್ವನನ್ನು ಒಳಗೆ ಕರೆದೊಯ್ದಳು. ಹೆಂಗಸರಿಬ್ಬರು ಅಡುಗೆಮನೆ ಸೇರಿದರೆ ಯಾವ ಗುಟ್ಟು ತಾನೆ ಉಳಿದೀತು? ಕುಡಿಯುವ ನೀರಿನ ನೆಪ ಮಾಡಿಕೊಂಡು ಕಮಲಾಕರನೂ ಹಿಂದೆಯೇ ಹೋದ. ಅಲ್ಲಿ ಸೀತಮ್ಮ ಕಾಯಿ ತುರಿಯಲು ಕೂತಿದ್ದಳು. ಅದೇ ಹೆರೆಮಣೆ. ಇಪ್ಪತ್ತೆಂಟು ವರ್ಷವಾದರೂ ಅದರ ಒಂದು ಹಲ್ಲೂ ಉದುರಿರಲಿಲ್ಲ.

"ನಿಮ್ಮ ಮೈದುನನ ಹುಲಿ ಕತಿ ಕೇಳಿ ಕೇಳಿ ನಮಗ ಬಾಯಿಪಾಠ ಆಗೇತ್ರಿ," ಎಂದಳು ಗುರುಶಾಂತವ್ವ.

ಸೀತಮ್ಮನ ಕೈ ನಿಂತಿತು. "ಯಾವ ಹುಲಿ?"

"ಅದ ರೀ, ಕೆಂಪಿ ಕರಾ ಎಳಿಯಾಕ ಬಂದು ಕಾಲಿಗೆ ಪರಚಿದ್ದು!"

ಸೀತಮ್ಮ ಮೈದುನನ ಕಾಲು ನೋಡಿದಳು. ಹೆರೆಮಣೆ ನೋಡಿದಳು. ಅತ್ತೆ ಸಾಯುವವರೆಗೂ ನಗುನಗುತ್ತ ಹೇಳುತ್ತಿದ್ದ ಬೆಲ್ಲದ ಕಳ್ಳನ ಕತೆ ಅವಳಿಗೆ ಗೊತ್ತಿರದ್ದೇನಲ್ಲ. ಗುರುಶಾಂತವ್ವನ ಬೆನ್ನ ಹಿಂದೆ ನಿಂತು ಕಮಲಾಕರ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದ.

"ಓ, ಆ ಹುಲಿಯಾ?" ಎಂದಳು ಸೀತಮ್ಮ, ಮತ್ತೆ ತುರಿಯತೊಡಗುತ್ತ. "ಅದು ಇಲ್ಲೇ ಇರ್ತು. ಆನು ದಿನಾ ನೋಡ್ತೆ. ದಿನಕ್ಕೆ ಎರಡು ತೆಂಗಿನಕಾಯಿ ಬೇಕು ಅದಕ್ಕೆ."

"ಯವ್ವಾ, ಕಾಯಿ ತಿನ್ನೋ ಹುಲಿ!" ಎಂದು ಗುರುಶಾಂತವ್ವ ಗಂಡನಿಗೆ ಹೇಳಲು ಜಗಲಿಗೆ ಓಡಿದಳು.

ಅವಳು ಹೋದದ್ದೇ ತಡ, ಸೀತಮ್ಮನ ಮುಖದ ನಗು ಹೋಯಿತು. "ನಾಚಿಕೆ ಆಗ್ತಿಲ್ಲೆ ನಿಂಗೆ? ಕೆಂಪಿ ಕರುವಿನ ಕತೆ ಅಲ್ದಾ ನೀ ಹೇಳಿದ್ದು? ಅದು ಬೀರಂದು!"

ಯಾರಿಗಾದರೂ ಕೇಳಿಸಿತೇ ಎಂದು ಕಮಲಾಕರ ಜಗಲಿಯ ಕಡೆ ಇಣುಕಿದ.

"ಬೆಲ್ಲ ಕದ್ದದ್ದು ಇರ್ಲಿ, ಸಣ್ಣಂವ ಆಗಿದ್ದೆ. ಬಡವನ ಹತ್ರ ಇರ ಒಂದೇ ಒಂದು ಕತೆ ಕದಿಯದಾ? ಈಗ ಎಂತ ಮಾಡ್ತೆ? ನಿನ್ನಣ್ಣ ಕಾಡು ತೋರ್ಸಲೆ ಬೀರಂಗೇ ಹೇಳಿಕ್ಕೆ ಹೋಯ್ದ. ಅವ ಬತ್ತಾ ಇದ್ದ, ನೋಡು."

ಅಂಗಳದ ತುದಿಯಲ್ಲಿ ಬೀರ ಬರುತ್ತಿದ್ದ. ಐವತ್ತು ದಾಟಿದ ಒಣಕಲು ಮನುಷ್ಯ. ಎಡಹೆಗಲ ಮೇಲಿನಿಂದ ಸೊಂಟದವರೆಗೆ ಕಂಬಳಿ ಹೊದ್ದಿದ್ದ. ಕಮಲಾಕರನನ್ನು ಕಂಡು ಬಾಯಿತುಂಬ ನಕ್ಕು, "ಆರಾಮಾ ಸಣ್ಣ ಹೆಗಡೇರೆ?" ಎಂದ. ಆ ನಗು ನೋಡಿ ಕಮಲಾಕರನಿಗೆ ಅಳು ಬರುವಂತಾಯಿತು.

ವ್ಯಾನು ಕಾಡಿನ ದಾರಿ ಹಿಡಿಯಿತು. ಬೀರ ಹಿಂದಿನ ಸೀಟಿನ ಅಂಚಿನಲ್ಲಿ, ಯಾರ ಮೈಗೂ ತಾಗದಂತೆ ಮುದುಡಿ ಕೂತ. ಹೊಸ ಕೇಳುಗ ಸಿಕ್ಕಿದ್ದೇ ಶಂಕ್ರಪ್ಪ ಅವನ ಕಡೆ ತಿರುಗಿದ.

"ಏನಪಾ, ನಿಮ್ಮ ಹೆಗಡೇರ ಹುಲಿ ಕತಿ ನಿನಗ ಗೊತ್ತೈತಿಲ್ಲೋ?"

"ಶಂಕ್ರಪ್ಪನವರೇ, ಅದೆಲ್ಲ ಈಗ್ಯಾಕೆ, ಅಲ್ಲಿ ನೋಡಿ ನವಿಲು," ಎಂದ ಕಮಲಾಕರ.

ನವಿಲು ಯಾರಿಗೂ ಬೇಕಾಗಿರಲಿಲ್ಲ. ಶಂಕ್ರಪ್ಪ ಮೊದಲಿನಿಂದ ಶುರುಮಾಡಿದ. ಸಂಜೆಯ ಹೊತ್ತು, ಹಳ್ಳದ ದಂಡೆ, ಕೆಂಪಿ ಎಂಬ ಕರು. ಬಾಲ ಹಿಡಿದು ಎಳೆದದ್ದು. ಹುಲಿಯ ಬಾಯಿಂದ ಹಳೆಯ ತುಪ್ಪದ ಹಾಗೆ ಬಂದ ವಾಸನೆ. ಕಡೆಗೆ ಆ ಆಕಳಿಕೆ. ತಪ್ಪಿದಲ್ಲಿ ಗುಮಾಸ್ತರಿಬ್ಬರು ತಿದ್ದಿದರು. ಗುರುಶಾಂತವ್ವ ನಡುನಡುವೆ "ಶಿವನ!" ಎಂದಳು. ಬೀರ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಕರುವಿನ ಹೆಸರು ಬಂದಾಗ ಒಮ್ಮೆ ಕಮಲಾಕರನ ಕಡೆ ನೋಡಿದ. ತುಪ್ಪದ ವಾಸನೆ ಬಂದಾಗ ಇನ್ನೊಮ್ಮೆ ನೋಡಿದ. ಕಮಲಾಕರ ಸೀಟಿನ ಹರಿದ ರೆಕ್ಸಿನ್ನಿನೊಳಗಿನ ನಾರು ಎಣಿಸುತ್ತ ಕೂತಿದ್ದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಭೂಮಿ ಬಿಡಲಿಲ್ಲ, ವ್ಯಾನಿನ ಹೊಟ್ಟೆಯಾದರೂ ಹರಿದು ತಾನು ರಸ್ತೆಗೆ ಬೀಳಬಾರದೇ ಎನಿಸಿತು.

"ಹೌದಿಲ್ಲೋ?" ಎಂದ ಶಂಕ್ರಪ್ಪ ಕೊನೆಗೆ. "ಹಿಂಗ ಆತಿಲ್ಲೋ?"

ಬೀರ ಕಂಬಳಿಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡ.

"ಹೌದ್ರಾ," ಎಂದ. "ಹಂಗೇ ಆದದ್ದು. ನಾನೂ ಅಲ್ಲೇ ಇದ್ದೆ."

"ನೀನೂ ಇದ್ದಿ? ಮತ್ತ ನೀ ಏನ್ ಮಾಡಿದಿ?"

"ನಾನು ಎಂತ ಮಾಡುದ್ರಾ? ಕೂಗ್ದೆ," ಎಂದ ಬೀರ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಡಿವಾಳಪ್ಪನವರು ಮುಂದಿನಿಂದಲೇ ತಿರುಗಿ, "ಹೆಗಡೇರಂಥಾ ಗಂಡೆದಿ ಎಲ್ಲಾರಿಗೂ ಎಲ್ಲಿಂದ ಬರಬೇಕೋ!" ಎಂದರು. ಬೀರನೂ ನಕ್ಕ. ಕಮಲಾಕರನೊಬ್ಬ ನಗಲಿಲ್ಲ. ಅದನ್ನು ಅವರು ವಿನಯವೆಂದು ತಿಳಿದರು.

ಮಧ್ಯಾಹ್ನವಿಡೀ ಬೀರ ಅವರನ್ನು ಕಾಡು ಸುತ್ತಿಸಿದ. ಕಂಡದ್ದು ಒಂದು ಕೆಂದಳಿಲು, ಒಂದಷ್ಟು ಮಂಗ, ಒಣಗಿದ ಹಳ್ಳದಲ್ಲಿ ಯಾವುದೋ ಹೆಜ್ಜೆ. ಮಂಗಗಳು ಗುರುಶಾಂತವ್ವನ ರೊಟ್ಟಿಯ ಬುಟ್ಟಿಯನ್ನು ಮರದ ಮೇಲಕ್ಕೆ ಒಯ್ದು, ರೊಟ್ಟಿಯ ಜೊತೆಗಿದ್ದ ಬದನೆಯ ಎಣಗಾಯಿ ತಿಂದು, ಬುಟ್ಟಿಯನ್ನು ಮಡಿವಾಳಪ್ಪನವರ ತಲೆಗೆ ಸರಿಯಾಗಿ ಗುರಿಯಿಟ್ಟು ಎಸೆದವು. ನಾಲ್ಕು ಗಂಟೆಯ ಹೊತ್ತಿಗೆ ಮ್ಯಾನೇಜರರ ಸಿಟ್ಟು ನೆತ್ತಿಗೇರಿತ್ತು.

"ಹೆಗಡೇರ, ಇಡೀ ದಿವಸ ಆತು. ನಿಮ್ಮ ಹುಲಿ ರಜಾ ಹಾಕೇತೇನು?"

"ಹೋಗುವ ದಾರಿಲಿ ಹುಲಿಯಪ್ಪನ ಕಟ್ಟೆ ಇದೆ ಸಾಹೇಬ್ರೆ," ಎಂದ ಬೀರ ಮಧ್ಯೆ ಬಂದು. "ಅಲ್ಲಿ ಒಂದು ಕಾಯಿ ಒಡೆದು ಹೋಗ್ವಾ. ಕಾಡಿಗೆ ಬಂದವ್ರು ಹಂಗೇ ಹೋಗುಕಾಗ."

ಕಟ್ಟೆಯೆಂದರೆ ರಸ್ತೆಯ ಬದಿಯಲ್ಲಿ ಮತ್ತಿಮರದ ಬುಡದಲ್ಲಿದ್ದ ಒಂದು ಕಲ್ಲು. ಅದರ ಮೇಲೆ ಸವೆದುಹೋದ ಹುಲಿಯ ರೂಪ, ಕುಂಕುಮ. ಕಲ್ಲಿನ ಹಿಂದೆ ನೆಲ ಇಳಿಜಾರಾಗಿ ಒಣಹಳ್ಳಕ್ಕೆ ಹೋಗುತ್ತಿತ್ತು. ಸೀತಮ್ಮ ಕೊಟ್ಟು ಕಳಿಸಿದ್ದ ಕಾಯಿಯನ್ನು ಗುರುಶಾಂತವ್ವ ಗಂಡನ ಕೈಗಿತ್ತಳು. ಬೀರ ತಡೆದ.

"ಸಿಟ್ಟಾಗಬ್ಯಾಡ್ರಿ. ಇಲ್ಲಿ ಪದ್ಧತಿ ಬ್ಯಾರೆ. ಹುಲಿ ಮುಟ್ಟಿ ಬಿಟ್ಟವ್ರೇ ಈ ಕಾಯಿ ಒಡಿಬೇಕು. ಬ್ಯಾರೆಯವ್ರು ಒಡೆದ್ರೆ ಹುಲಿಯಪ್ಪ ಒಪ್ಪುದಿಲ್ಲ."

"ಹಂಗಾದ್ರ ಹೆಗಡೇರ ಇದ್ದಾರಲ್ಲ!" ಎಂದು ಐದೂ ಜನ ಒಟ್ಟಿಗೆ ಕೂಗಿದರು.

ಈ ಸೀಮೆಯ ಕಾಯಿಗಳನ್ನು ಹದಿನೈದು ವರ್ಷದಿಂದ ಒಡೆಯುತ್ತಿದ್ದವನು ಬೀರ. ಹಬ್ಬಕ್ಕೆ, ದನ ಕಾಡಿಗೆ ಬಿಡುವ ದಿನಕ್ಕೆ, ಎಲ್ಲಕ್ಕೂ ಊರಿನ ದೊಡ್ಡವರೂ ಕಾಯಿ ಹಿಡಿದು ಅವನ ಗುಡಿಸಲಿನ ಮುಂದೆ ನಿಲ್ಲಬೇಕಿತ್ತು. ಅವನಿಗೆ ಲೋಕದಲ್ಲಿ ಇದ್ದ ದೊಡ್ಡಸ್ತಿಕೆ ಅದೊಂದೇ. ಎಲ್ಲರೂ ಚಪ್ಪಲಿ ಬಿಟ್ಟರು. ದೇವರ ಮುಂದೆ ಹೊದ್ದುಕೊಂಡು ನಿಲ್ಲಬಾರದೆಂದು ಬೀರ ಕಂಬಳಿ ತೆಗೆದ. ಎಡಹೆಗಲಿನಿಂದ ಸೊಂಟದವರೆಗೆ, ನೇಗಿಲು ಎಳೆದಂತೆ, ನಾಲ್ಕು ಆಳದ ಗುರುತುಗಳು.

"ಯವ್ವಾ! ಏನಾತಪಾ ಇದು ನಿನಗ?" ಎಂದಳು ಗುರುಶಾಂತವ್ವ.

ಬೀರ ಕಮಲಾಕರನ ಮುಖ ನೋಡಿದ, ಒಂದು ಗಳಿಗೆ ಅಷ್ಟೇ.

"ಮರದಿಂದ ಬಿದ್ದದ್ದು ತಾಯೀ. ಹಲಸಿನ ಮರ," ಎಂದ. ಕಾಯಿಯನ್ನು ತೆಗೆದು ಕಮಲಾಕರನ ಕೈಯಲ್ಲಿಟ್ಟು, "ಒಡೀರಿ ಸಣ್ಣ ಹೆಗಡೇರೆ," ಎಂದು ಪಕ್ಕಕ್ಕೆ ಸರಿದು ನಿಂತ.

ಕಮಲಾಕರನಿಂದ ಇನ್ನು ತಡೆಯಲಾಗಲಿಲ್ಲ. ಹೆರೆಮಣೆ ಪರಚಿದವನು ಹುಲಿ ಎಂದಿದ್ದ, ಹುಲಿ ಪರಚಿದವನು ಹಲಸಿನ ಮರ ಎಂದ. ಆಫೀಸು ಹೋದರೆ ಹೋಗಲಿ ಎಂದುಕೊಂಡ. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಕಲ್ಲಿನ ಮುಂದೆ ನಿಂತ.

"ಎಲ್ಲರೂ ಕೇಳಿ," ಎಂದ. ಧ್ವನಿ ಮೇಲೇಳಲಿಲ್ಲ. "ನಾನು ಹುಲಿಯನ್ನು ಕಂಡವನೇ ಅಲ್ಲ. ಕಾಡಿನಲ್ಲೂ ಇಲ್ಲ, ಸರ್ಕಸ್ಸಿನಲ್ಲೂ ಇಲ್ಲ. ನನ್ನ ಕಾಲಿನದು ಹೆರೆಮಣೆಯ ಗಾಯ, ಬೆಲ್ಲ ಕದ್ದಾಗ ಆದದ್ದು. ಹುಲಿ ಹಿಡಿದದ್ದು ಈ ಬೀರನನ್ನು. ಅವನ ಕತೆಯನ್ನು ಕದ್ದು ಎಂಟು ವರ್ಷ ಮೆರೆದೆ. ನನ್ನ ಮುಖಕ್ಕೆ ಉಗಿಯಿರಿ. ಈ ಕಾಯಿ ಒಡೆಯುವ ಯೋಗ್ಯತೆ ನನಗಿಲ್ಲ."

ಹಿಂದಿನಿಂದ ಒಂದು ಮಾತಿಲ್ಲ. ಕೆಮ್ಮಿಲ್ಲ, ಉಸಿರಿಲ್ಲ. ಮಾತು ಬಿದ್ದುಹೋಗುವಷ್ಟು ಹೇಸಿಗೆಯಾಗಿರಬೇಕು ಪಾಪ ಎಂದುಕೊಂಡ. ಉಗಿತಕ್ಕಾಗಿ ಕಾದ. ಅದೂ ಬರಲಿಲ್ಲ. ಆದರೂ ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರಾಯಿತು. ಕೊನೆಗೆ ಕಣ್ಣು ತೆರೆದು ತಿರುಗಿದ.

ಮಡಿವಾಳಪ್ಪನವರು ಬಾಯಿ ತೆರೆದು ನಿಂತಿದ್ದರು. ದುರ್ಬೀನು ಕೈಜಾರಿ ನೆಲದಲ್ಲಿತ್ತು. ಶಂಕ್ರಪ್ಪ ಡ್ರೈವರನ ಕತ್ತು ತಬ್ಬಿಕೊಂಡಿದ್ದ. ಗುರುಶಾಂತವ್ವ ಬೆರಳನ್ನು ಕಲ್ಲಿನ ಹಿಂದಿನ ಹಳ್ಳದ ಕಡೆ ತೋರಿಸುತ್ತಿದ್ದಳು. ಕಮಲಾಕರ ಗಡಬಡಿಸಿ ಅತ್ತ ತಿರುಗಿದ. ಪೊದೆಯೊಂದು ಅಲುಗಾಡಿ ನಿಂತಿತು, ಅಷ್ಟೇ.

"ಹುಲಿ!" ಎಂದು ಮಡಿವಾಳಪ್ಪನವರಿಗೆ ಈಗ ಧ್ವನಿ ಬಂತು. "ಇಷ್ಟುದ್ದ! ಹತ್ತು ಮಾರು ದೂರ ಇಲ್ಲ! ಹಳ್ಳದಾಗ ನಿಂತು ನಮ್ಮನ್ನ ನೋಡಿ, ಆಕಳಿಸಿ ಹೋತು!"

"ಥೇಟ್ ಕತಿಯೊಳಗ ಆಕಳಿಸಿದಂಗ!" ಎಂದ ಶಂಕ್ರಪ್ಪ. "ಹೆಗಡೇರು ಕಣ್ಣು ಮುಚ್ಚಿ ಏನೋ ಮಂತ್ರಾ ಅಂದ್ರು ನೋಡ್ರಿ, ತಡಾ ಇಲ್ಲದ ಬಂತು!"

"ಮಂತ್ರ ಅಲ್ಲ! ನಾನು ಹೇಳಿದ್ದು ಯಾರೂ ಕೇಳಲಿಲ್ಲವೇ?"

"ಹುಲಿ ಮುಂದ ನಿಂತಾಗ ಮಂತ್ರಾ ಯಾರ ಕೇಳ್ತಾರ್ರೀ!" ಎಂದು ಮ್ಯಾನೇಜರರು ಅವನನ್ನು ಅಪ್ಪಿಕೊಂಡರು.

ಕಮಲಾಕರ ಬಿಡಿಸಿಕೊಂಡು ಹೋಗಿ ಕಾಯಿಯನ್ನು ಬೀರನ ಕೈಯಲ್ಲಿಟ್ಟ. "ಇದು ಇವನದು. ಇವನೇ ಒಡೆಯಬೇಕು," ಎಂದು ಕೂಗಿದ.

"ನೋಡ್ರಿ, ನೋಡ್ರಿ," ಎಂದಳು ಗುರುಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ತಮ್ಮ ಮರ್ಯಾದಿನ ಆಳಿಗೆ ಬಿಟ್ಟುಕೊಟ್ರು! ಎಂಥಾ ದೊಡ್ಡ ಮನಸು!"

ಬೀರ ಒಂದೇ ಏಟಿಗೆ ಕಾಯಿ ಒಡೆದ. ಸರಿಯಾಗಿ ಎರಡು ಹೋಳಾಯಿತು.

ಊರ ಕ್ರಾಸಿನಲ್ಲಿ ಅವನನ್ನು ಇಳಿಸುವಾಗ ಕಮಲಾಕರನೂ ಇಳಿದ. "ಬೀರಾ, ನೀನಾದ್ರೂ ಕೇಳಿದ್ಯಾ?"

"ಕೇಳ್ದೆ. ನಾ ಆ ಬದಿ ನೋಡ್ಲಿಲ್ಲ. ಅದನ್ನ ನಾ ಒಂದು ಸಲ ನೋಡಿದ್ದೇ ಸಾಕು."

"ಹಾಗಾದ್ರೆ ಇವರಿಗೆ ನೀನೇ ಹೇಳು, ಮಾರಾಯ. ನನ್ನ ಮಾತು ಯಾರೂ ನಂಬುದಿಲ್ಲ."

ಬೀರ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ಯೋಚಿಸಿದ. "ಬ್ಯಾಡ್ರಾ," ಎಂದ, ಕನಿಕರದಿಂದ. "ಇವತ್ತು ಎಲ್ಲರೂ ಹುಲಿ ಕಂಡ್ರು, ನೀವೊಬ್ರು ಕಾಣ್ಲಿಲ್ಲ. ನಿಮ್ಮ ಹತ್ರ ಕತೆನಾದ್ರೂ ಇರ್ಲಿ."

ಹುಬ್ಬಳ್ಳಿಯವರೆಗೂ ವ್ಯಾನಿನಲ್ಲಿ ಹುಲಿಯದೇ ಮಾತು. ಅದರ ಪಟ್ಟೆ, ಅದರ ಮೀಸೆ, ಅದರ ಬಾಲದ ತುದಿಯ ಕಪ್ಪು. ಮುಂದಿನ ತಿಂಗಳು ಮುಂಬಯಿಯಿಂದ ಕಂಪನಿಯ ಯಜಮಾನರು ಬಂದಾಗ ಅವರನ್ನೂ ಕರೆತರುವುದೆಂದು, ಹೆಗಡೆಯವರು ಅದೇ ಕಟ್ಟೆಯ ಮುಂದೆ ಹಾಗೇ ಕಣ್ಣು ಮುಚ್ಚಿ ನಿಲ್ಲಬೇಕೆಂದು ಮಡಿವಾಳಪ್ಪನವರು ಗೊತ್ತುಮಾಡಿಬಿಟ್ಟರು. ಜೀವಮಾನದಲ್ಲಿ ಹುಲಿ ನೋಡದವನು ಆ ವ್ಯಾನಿನಲ್ಲಿ ಈಗ ಒಬ್ಬನೇ. ಅವನು ಮೊದಲಿನ ಹಾಗೆ ನಡುವಿನ ಸೀಟಿನಲ್ಲಿ, ಪಂಚೆಯನ್ನು ಪಾದದವರೆಗೆ ಎಳೆದುಕೊಂಡು, ತಲೆ ತಗ್ಗಿಸಿ ಕೂತಿದ್ದ.

ಕಲಘಟಗಿ ಹತ್ತಿರ ಬಂದಾಗ ಶಂಕ್ರಪ್ಪ ಅವನ ಮೊಣಕಾಲು ತಟ್ಟಿದ.

"ಹೆಗಡೇರ, ಖರೇ ಹೇಳ್ರಿ. ನಿಮಗ ಪರಚಿದ ಹುಲಿನೂ ಇಷ್ಟ ದೊಡ್ಡದಿತ್ತೇನು?"

ಮಾತೆಲ್ಲ ನಿಂತಿತು. ಐದು ಮುಖಗಳು ಅವನ ಕಡೆ ತಿರುಗಿದವು. 'ಹೆರೆಮಣೆ' ಎನ್ನಲೆಂದೇ ಕಮಲಾಕರ ಬಾಯಿ ತೆರೆದ.

"ಇದಕ್ಕಿಂತ," ಎಂದ, "ಸ್ವಲ್ಪ ದೊಡ್ಡದೇ ಇತ್ತು."